ಮೆಕ್ಸಿಕೋಗೆ ಹಾರಿದ ಸಿಗಡಿ

ಮೆಕ್ಸಿಕೋ ಕೊಲ್ಲಿಯ ಬಡಗಣ ದಡದ ಡಾಫಿನ್ ದ್ವೀಪದಲ್ಲಿ ಅರ್ವಿಸ್ ಲಾಡ್ನೆರನಿಗೆ ಎರಡು ಹೆಸರು. ಎದುರಿಗೆ ಸಿಕ್ಕವರೆಲ್ಲ ‘ಕ್ಯಾಪ್ಟನ್’ ಅನ್ನುತ್ತಿದ್ದರು. ಬೆನ್ನು ತಿರುಗಿದ ಮೇಲೆ ‘ಬಾಯಿ ಹೊಲಿಸಿಕೊಂಡವನು’ ಅನ್ನುತ್ತಿದ್ದರು. ಎರಡನೆಯ ಹೆಸರೂ ಅವನಿಗೆ ಗೊತ್ತಿತ್ತು. ನಿಜ ಹೇಳಬೇಕೆಂದರೆ ಅದರ ಮೇಲೇ ಅವನಿಗೆ ಹೆಚ್ಚು ಪ್ರೀತಿ.

ಅವನ ಅಪ್ಪ ಉದ್ದ ಕೋಲಿನ ಇಕ್ಕಳದಿಂದ ಕೊಲ್ಲಿಯ ತಳದ ಸಿಂಪಿಗಳನ್ನು ಎತ್ತಿ ಮಾರಿ ಸಂಸಾರ ಸಾಕಿದವನು. ಅರ್ವಿಸ್ ಮೀಸೆ ಚಿಗುರುವ ಮೊದಲೇ ಸಿಗಡಿ ಬೋಟು ಹತ್ತಿದ. ಮಂಡಿಗಳೆರಡೂ ಕೈಕೊಟ್ಟ ಮೇಲೆ ಬಲೆ ಇಳಿಸುವುದನ್ನು ಬಿಟ್ಟು, ರಜೆಗೆ ಬರುವ ಪರವೂರಿನವರನ್ನು ಗಾಳ ಹಾಕಿಸಲು ಕರೆದೊಯ್ಯುವ ಕೆಲಸ ಹಿಡಿದ. ಬೋಟಿಗೆ ಹೆಂಡತಿಯ ಹೆಸರನ್ನೇ ಇಟ್ಟಿದ್ದ, ‘ಮಿಸ್ ಒಲೀಟಾ’. ಯಾಕೆಂದು ಕೇಳಿದವರಿಗೆ, “ಎರಡೂ ಬಿಸಿಯಾಗೋದು ನಿಧಾನ, ಬಿಸಿಯಾದ್ಮೇಲೆ ನಿಲ್ಲಿಸೋಕಾಗಲ್ಲ” ಅನ್ನುತ್ತಿದ್ದ. ಹಾಗನ್ನುವ ಮೊದಲು ಒಲೀಟಾ ಎಲ್ಲಿದ್ದಾಳೆಂದು ಒಮ್ಮೆ ನೋಡಿಕೊಳ್ಳುತ್ತಿದ್ದ.

ಬೇರೆಯವರ ಬೋಟುಗಳು ಬರೀ ಮಂಜುಗಡ್ಡೆ ಹೊತ್ತು ಹೋಗಿ ಬರೀ ಮಂಜುಗಡ್ಡೆ ಹೊತ್ತು ತಿರುಗಿ ಬರುವ ದಿನಗಳಲ್ಲೂ ಅರ್ವಿಸನ ಪೆಟ್ಟಿಗೆಯಲ್ಲಿ ಕೆಂಬೇರಿ ಮೀನು ಇರುತ್ತಿತ್ತು. ತೊಡೆಯಷ್ಟು ದಪ್ಪದವು, ಈಗಷ್ಟೇ ಬಣ್ಣ ಬಳಿದಂತೆ ಕೆಂಪಗಿರುವವು. ಎಲ್ಲಿ ಹಿಡಿದೆ ಎಂದು ಯಾರಾದರೂ ಕೇಳಿದರೆ “ನೀರಲ್ಲಿ” ಅನ್ನುತ್ತಿದ್ದ.

ಹಾಗೆ ಕೇಳುವುದೇ ಆ ಕಡಲತೀರದಲ್ಲಿ ತಪ್ಪು. ಅಲ್ಲಿ ಸಮುದ್ರದ ತಳ ಬಟ್ಟಬಯಲು. ಮೀನಿಗೂ ನೆರಳು ಬೇಕು, ಮೂಲೆ ಬೇಕು. ಅದಕ್ಕೆಂದು ಜನ ಕೆಟ್ಟುಹೋದ ಬಟ್ಟೆ ಒಗೆಯುವ ಯಂತ್ರ, ಕೋಳಿಗೂಡು, ಕಾರಿನ ಹೊರಮೈ, ಸಿಕ್ಕಿದ್ದನ್ನೆಲ್ಲ ಒಯ್ದು ಮುಳುಗಿಸುತ್ತಿದ್ದರು. ದೂರದ ನೀರಿನಲ್ಲಿ ಸರಕಾರದ ಅನುಮತಿ ಪಡೆದು ಮುಳುಗಿಸಬೇಕೆಂಬ ನಿಯಮವಿತ್ತು. ನಿಯಮವನ್ನು ಎಲ್ಲರೂ ಗೌರವಿಸುತ್ತಿದ್ದರು. ದೂರವೆಂದರೆ ಎಷ್ಟು ದೂರ ಎಂಬಲ್ಲಿ ಮಾತ್ರ ಅಭಿಪ್ರಾಯಭೇದವಿತ್ತು. ಮುಳುಗಿಸಿದ ಜಾಗವನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಗಂಡ ತೀರಿಕೊಂಡರೆ ಹೆಂಡತಿಗೆ ಮನೆ ಬರುತ್ತಿತ್ತು, ಬೋಟು ಬರುತ್ತಿತ್ತು, ಆ ಜಾಗ ಮಾತ್ರ ಗಂಡನ ಜೊತೆಗೇ ಹೋಗುತ್ತಿತ್ತು.

ಅರ್ವಿಸನ ಜಾಗ ದ್ವೀಪದ ತೆಂಕಣಕ್ಕೆ, ಅನುಮತಿಯ ಗಡಿಗಿಂತ ಎಷ್ಟೋ ಈಚೆಗೆ ಇತ್ತು. ಅದು ಸಣ್ಣ ತೊಂದರೆ. ದೊಡ್ಡ ತೊಂದರೆಯೆಂದರೆ, ಅಲ್ಲಿ ಮುಳುಗಿದ್ದ ವಸ್ತು ಅವನದ್ದಾಗಿರಲಿಲ್ಲ. ಅವನ ಹೆಂಡತಿಯ ತಮ್ಮ ಡ್ಯೂಯಿ ರೇಬನ್‌ನದ್ದಾಗಿತ್ತು.

ಡ್ಯೂಯಿಗೆ ಎರೆ, ಗಾಳ, ತಂಪು ಪಾನೀಯ ಮಾರುವ ಅಂಗಡಿಯಿತ್ತು. ಬಿಡುವಿನಲ್ಲಿ ಏಡಿ ಹಿಡಿಯುತ್ತಿದ್ದ. ಅವನ ಜೀವಮಾನದ ಸಾಧನೆ ಎಂದರೆ ಅಂಗಡಿಯ ಮುಂದೆ ಕಟ್ಟಿದ ಸಿಗಡಿ. ತಂತಿಬಲೆಯ ಮೇಲೆ ಸಿಮೆಂಟು ಮೆತ್ತಿ, ಒಳಗೆ ಟೊಳ್ಳು ಬಿಟ್ಟು, ಒಂದು ಲಾರಿಯಷ್ಟು ಉದ್ದದ ಸಿಗಡಿಯನ್ನು ಅವನು ಸ್ವಂತ ಕೈಯಿಂದ ಮಾಡಿ ಕಟ್ಟೆಯ ಮೇಲೆ ಕೂರಿಸಿದ್ದ. ಅದಕ್ಕೆ ಕಬ್ಬಿಣದ ಸರಳಿನ ಮೀಸೆ. ಕಣ್ಣಿನ ಜಾಗದಲ್ಲಿ ಎರಡು ಕೆಂಪು ಬಲ್ಬು. ಕತ್ತಲಾದರೆ ಅವು ಮಿಣುಕತೊಡಗುತ್ತಿದ್ದವು. ಅರ್ವಿಸನ ಮನೆ ಎದುರಿಗೇ ಇತ್ತು. ಮಲಗುವ ಕೋಣೆಯ ಗೋಡೆ ಕೆಂಪಾಗುವುದು, ಕಪ್ಪಾಗುವುದು, ಮತ್ತೆ ಕೆಂಪಾಗುವುದು.

“ಒಂದು ಪರದೆ ಹಾಕ್ಕೋ ಭಾವ” ಅನ್ನುತ್ತಿದ್ದ ಡ್ಯೂಯಿ.

“ನಿನ್ ಸಿಗಡಿಗೆ ಕನ್ನಡಕ ಹಾಕಿಸು” ಅನ್ನುತ್ತಿದ್ದ ಅರ್ವಿಸ್.

ಒಂದು ವರ್ಷ ದೊಡ್ಡ ಚಂಡಮಾರುತ ಬಂತು. ಎಲ್ಲರೂ ದ್ವೀಪ ಬಿಟ್ಟು ಒಳನಾಡಿಗೆ ಓಡಿದರು. ಗಾಳಿ ಇಳಿದ ಮೇಲೆ ರಸ್ತೆಯೆಲ್ಲ ಮರಳಿನಡಿ ಹೂತುಹೋಗಿತ್ತು. ಬೋಟಿದ್ದ ಅರ್ವಿಸ್ ಎಲ್ಲರಿಗಿಂತ ಮೊದಲು ಮರಳಿ ಬಂದ. ಬಂದು ನೋಡುತ್ತಾನೆ, ಅವನ ಹಿತ್ತಲಿನಲ್ಲಿ ಡ್ಯೂಯಿಯ ಸಿಗಡಿ ಮಲಗಿದೆ! ಉಕ್ಕಿದ ನೀರು ಟೊಳ್ಳು ಸಿಗಡಿಯನ್ನು ದೋಣಿಯಂತೆ ತೇಲಿಸಿ ತಂದು, ಒಲೀಟಾಳ ಅಂಜೂರದ ಮರಕ್ಕೆ ತಲೆಯಾನಿಸಿ ಮಲಗಿಸಿತ್ತು. ಒಂದು ಮೀಸೆ ಸೊಟ್ಟಗಾಗಿದ್ದನ್ನು ಬಿಟ್ಟರೆ ಅದಕ್ಕೆ ಏನೂ ಆಗಿರಲಿಲ್ಲ.

ಡ್ಯೂಯಿಗೆ ತಿಳಿಸಬೇಕೆಂದು ಅರ್ವಿಸ್ ನಿಜವಾಗಿಯೂ ಅಂದುಕೊಂಡ. ಆದರೆ ಬೋಟಿನ ರೇಡಿಯೋ ಹಾಕಿದರೆ ಡ್ಯೂಯಿಯದೇ ದನಿ. ಒಳನಾಡಿನ ಹೋಟೆಲೊಂದರಲ್ಲಿ ಕೂತು ಅವನು ಸುದ್ದಿಯವರಿಗೆ ಹೇಳುತ್ತಿದ್ದ: “ನೋಡಿದವರಿದ್ದಾರೆ ಸ್ವಾಮೀ. ಬಾಲ ಬಡೀತಾ ಮೇಲೆದ್ದು ತೆಂಕಣಕ್ಕೆ ಹಾರಿಹೋಯ್ತಂತೆ. ಇಷ್ಟು ಹೊತ್ತಿಗೆ ಮೆಕ್ಸಿಕೋ ಮುಟ್ಟಿರತ್ತೆ.”

ಅರ್ವಿಸ್ ರೇಡಿಯೋ ಆರಿಸಿದ. ಹಿತ್ತಲಲ್ಲಿ ಬಿದ್ದಿದ್ದ ಆ ಎರಡು ಕಣ್ಣುಗಳನ್ನು ನೋಡಿದ. ಮಲಗುವ ಕೋಣೆಯ ಕಿಟಕಿಯನ್ನು ನೋಡಿದ. ಭರತ ಏರಿ ಹಿತ್ತಲಿಗೆ ನೀರು ಬಂದಾಗ ಸಿಗಡಿಗೆ ಹಗ್ಗ ಕಟ್ಟಿ ಬೋಟಿನ ಹಿಂದೆ ಎಳೆದುಕೊಂಡು ಹೊರಟ. ಮೆಕ್ಸಿಕೋದ ದಿಕ್ಕಿಗೇ ಎಳೆದ ಎಂಬುದು ಅವನ ಸಮಾಧಾನ. ತೀರ ಕಣ್ಮರೆಯಾಗುವ ಮುಂಚೆಯೇ ಅದರ ಹೊಟ್ಟೆಗೆ ಗಡಾರಿಯಿಂದ ತೂತು ಹೊಡೆದ. ಸಿಗಡಿ ಒಂದು ಸಲ ತೇಗಿ, ಮೀಸೆ ಎತ್ತಿಕೊಂಡು, ನಿಧಾನವಾಗಿ ಕೆಳಗಿಳಿಯಿತು.

ಒಲೀಟಾ ಮನೆಗೆ ಬಂದವಳು, “ಈ ಅಂಜೂರದ ಮರ ಯಾಕ್ರೀ ಹೀಗೆ ವಾಲಿದೆ?” ಎಂದಳು.

“ಗಾಳಿ” ಎಂದ ಅರ್ವಿಸ್.

ಆಮೇಲಿನ ಕಥೆಯನ್ನು ಮೀನುಗಳು ನೋಡಿಕೊಂಡವು. ಸಿಮೆಂಟಿನ ಮೇಲೆ ಪಾಚಿ ಬಂತು, ಚಿಪ್ಪು ಬಂತು, ಟೊಳ್ಳು ಹೊಟ್ಟೆಯೊಳಗೆ ಮರಿಗಳು ಬಂದವು, ಮರಿಗಳನ್ನು ತಿನ್ನಲು ಕೆಂಬೇರಿಗಳು ಬಂದವು. ಇತ್ತ ಡ್ಯೂಯಿ ಖಾಲಿ ಕಟ್ಟೆಯ ಮೇಲೆ ‘ಸಿಗಡಿ ಇಲ್ಲಿಂದ ಹಾರಿತು’ ಎಂದು ಹಲಗೆ ಬರೆಸಿ ಹಾಕಿದ. ಬಂದವರೆಲ್ಲ ಕಟ್ಟೆ ಹತ್ತಿ, ಕೈ ರೆಕ್ಕೆ ಮಾಡಿ, ಫೋಟೋ ತೆಗೆಸಿಕೊಂಡು, ಅಂಗಡಿಯಲ್ಲಿ ಏನಾದರೊಂದು ಕೊಂಡೇ ಹೋಗುತ್ತಿದ್ದರು. ಇದ್ದಾಗ ತಾರದಷ್ಟು ಗಿರಾಕಿಗಳನ್ನು ಸಿಗಡಿ ಹೋದ ಮೇಲೆ ತಂದಿತು. ವರ್ಷ ಕಳೆದಂತೆ ಕಥೆ ಬೆಳೆಯಿತು. ಮೊದಲು ಸಿಗಡಿ ಹಾರಿತ್ತು. ಆಮೇಲೆ ಚರ್ಚಿನ ಗಂಟೆ ಬಡಿದುಕೊಂಡು ಹಾರಿತು. ಕೊನೆಗೆ ಹಾರುತ್ತಾ ಕಣ್ಣು ಮಿಟುಕಿಸಿತು. ಪ್ರತಿ ಸಲವೂ ಅರ್ವಿಸ್ ಎಲ್ಲರೆದುರಿಗೆ, “ಬುರುಡೆ ಬಿಡಬೇಡ್ವೋ ಡ್ಯೂಯಿ, ಸಿಮೆಂಟು ಎಲ್ಲಾದ್ರೂ ಹಾರತ್ತಾ?” ಎಂದು ನಗುತ್ತಿದ್ದ. ನಕ್ಕು ಮನೆಗೆ ಬಂದು ಕೆಂಬೇರಿ ಹುರಿದು ತಿನ್ನುತ್ತಿದ್ದ. ಡ್ಯೂಯಿ ಎಷ್ಟೋ ಸಲ ಬೋಟು ತೆಗೆದುಕೊಂಡು ಅವನ ಬೆನ್ನು ಹತ್ತಿದ. ಅರ್ವಿಸ್ ಅವನನ್ನು ಒಂದು ಸುತ್ತು ಹಾಕಿಸಿ, ಎಣ್ಣೆ ಖಾಲಿ ಮಾಡಿಸಿ, ವಾಪಸು ಕಳಿಸುತ್ತಿದ್ದ. ಅವನ ಭಯ ಒಂದೇ. ಆ ಜಾಗ ಡ್ಯೂಯಿಗೆ ಸಿಕ್ಕಿತೆಂದರೆ ಮೀನೂ ಹೋಯಿತು, ಮಾನವೂ ಹೋಯಿತು, ಮನೆಯಲ್ಲಿ ಊಟವೂ ಹೋಯಿತು.

ಹೀಗಿರುವಾಗ ಒಂದು ವಸಂತದಲ್ಲಿ ಡ್ಯೂಯಿಯ ಅಂಗಡಿಯಲ್ಲಿ ಹೊಸ ಸುದ್ದಿ ಹುಟ್ಟಿತು.

“ಸಮುದ್ರದ ತಳ ನೋಡೋಕೆ ಬರ್ತಿದ್ದಾರಂತೆ” ಎಂದ ಡ್ಯೂಯಿ, ಮಂಜುಗಡ್ಡೆ ಕುಟ್ಟುತ್ತ. “ನಮ್ಮ ಪಡುವಣ ತುದಿ ಕೊಚ್ಚಿಹೋಗ್ತಾ ಇದೆಯಲ್ಲ, ಅದಕ್ಕೆ ಸುರಿಯೋಕೆ ಮರಳು ಬೇಕು. ತೆಂಕಣ ನೀರಲ್ಲಿ ಎಲ್ಲಿ ಎಷ್ಟು ಮರಳಿದೆ, ಎಲ್ಲಿ ಬರೀ ಕೆಸರು ಅಂತ ಸೋನಾರ್ ಎಳೆದು ನೋಡ್ತಾರಂತೆ. ಒಂದು ಸೂಜಿ ಬಿದ್ದಿದ್ರೂ ಕಾಣತ್ತಂತೆ. ನನ್ ಬೋಟು ಕೊಡ್ತೀನಿ ಅಂತ ಹೇಳೋಣ ಅಂತಿದ್ದೀನಿ.”

ಅರ್ವಿಸ್ ಕುಡಿಯುತ್ತಿದ್ದ ಸಿಹಿ ಚಹಾದ ಲೋಟವನ್ನು ಕೆಳಗಿಟ್ಟ. “ನಿನ್ ಬೋಟಾ? ಅದರಲ್ಲಿ ಕೂತ್ರೆ ಪ್ಯಾಂಟಿಗೆಲ್ಲ ಏಡಿ ವಾಸನೆ ಹತ್ತತ್ತೆ.”

“ನಿಂಗ್ಯಾಕೆ ಉರಿ? ನೀನೇನು ಕೊಡ್ತೀಯಾ?”

“ಕೊಡ್ತೀನಿ. ಊರಿಗೆ ಉಪಕಾರ ಆಗೋ ಕೆಲಸ” ಎಂದ ಅರ್ವಿಸ್. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಬಾಯಲ್ಲಿ ಉಪಕಾರ ಎಂಬ ಮಾತನ್ನು ಅವರು ಕೇಳಿದ್ದು ಅದೇ ಮೊದಲು.

ಬೇರೆ ಯಾರ ಬೋಟಾದರೂ ಸಿಗಡಿಯ ಮೇಲೆ ಹಾದುಹೋಗುವುದು ಖಂಡಿತ. ಚುಕ್ಕಾಣಿ ತನ್ನ ಕೈಯಲ್ಲಿದ್ದರೆ ಹಾಗಾಗದಂತೆ ನೋಡಿಕೊಳ್ಳಬಹುದು. ಇದು ಅವನ ಲೆಕ್ಕ. ಅದೇ ಸಂಜೆ ಹೋಗಿ ಸಮೀಕ್ಷೆಯವರನ್ನು ಕಂಡು, ‘ಮಿಸ್ ಒಲೀಟಾ’ಳನ್ನು ಗೊತ್ತು ಮಾಡಿಸಿಬಿಟ್ಟ.

ಸಮೀಕ್ಷೆಗೆ ಬಂದವಳು ಕೊರಿನ್ ಹಾಲೊವೇ ಎಂಬ ಭೂವಿಜ್ಞಾನಿ. ನಡುವಯಸ್ಸು, ಕಡಿಮೆ ಮಾತು. ಬೋಟು ಹತ್ತಿದ ಕೂಡಲೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಬಕೆಟಿಗೆ ವಾಂತಿ ಮಾಡಿ, ಬಾಯಿ ಒರೆಸಿಕೊಂಡು, ಒಂದು ಉಪ್ಪು ಬಿಸ್ಕತ್ತು ಕಡಿದು ಮತ್ತೆ ಪರದೆಯ ಮುಂದೆ ಕೂರುತ್ತಿದ್ದಳು. ಇಷ್ಟು ವರ್ಷ ಸಮುದ್ರದ ಕೆಲಸ ಮಾಡಿಯೂ ಹೀಗೇಕೆ ಎಂದು ಅರ್ವಿಸ್ ಕೇಳಿದ.

“ನಂಗೆ ಸಮುದ್ರ ಇಷ್ಟ ಇಲ್ಲ ಕ್ಯಾಪ್ಟನ್ ಅರ್ವಿಸ್. ಅದರ ಕೆಳಗಿರೋದು ಇಷ್ಟ. ನೀರು ಸುಮ್ನೆ ಅಡ್ಡ ಬರತ್ತೆ.”

ಅವಳ ಸೋನಾರ್ ಎಂದರೆ ಹಳದಿ ಬಣ್ಣದ ಒಂದು ಉದ್ದ ಡಬ್ಬಿ. ಅದನ್ನು ಅವರು ‘ಮೀನು’ ಎಂದೇ ಕರೆಯುತ್ತಿದ್ದರು. ಬೋಟಿನ ಹಿಂದೆ ನೀರಿಗಿಳಿಸಿ ಎಳೆದರೆ ಅದು ಹಕ್ಕಿಯ ಹಾಗೆ ಚಿರ್ ಚಿರ್ ಎನ್ನುತ್ತಿತ್ತು. ಆ ಸದ್ದು ತಳಕ್ಕೆ ಹೋಗಿ, ತಳದೊಳಕ್ಕೂ ಇಳಿದು, ಕೆಸರಿಗೆ ತಾಗಿ ಸ್ವಲ್ಪ, ಅದರಡಿಯ ಮರಳಿಗೆ ತಾಗಿ ಸ್ವಲ್ಪ, ಅದರಡಿಯ ಜೇಡಿಗೆ ತಾಗಿ ಇನ್ನು ಸ್ವಲ್ಪ ಮರಳಿ ಬರುತ್ತಿತ್ತು. ಒಂದು ಪರದೆಯಲ್ಲಿ ಆ ಪದರಗಳೆಲ್ಲ ಒಂದರ ಮೇಲೊಂದು ಗೆರೆಗಳಾಗಿ ಮೂಡುತ್ತಿದ್ದವು. ಪಕ್ಕದ ಪರದೆಯಲ್ಲಿ ತಳದ ಮೇಲ್ಮೈ, ಅಲ್ಲಿ ಬಿದ್ದದ್ದು ಎದ್ದದ್ದೆಲ್ಲ ನೆರಳಿನ ಸಮೇತ ಕಾಣುತ್ತಿತ್ತು. ಚಾಲಕನ ಕೆಲಸ ಸುಲಭ: ಹೊಲ ಉಳುವವನಂತೆ ನೇರ ಸಾಲು ಹಿಡಿದು ಹೋಗುವುದು, ತಿರುಗುವುದು, ಪಕ್ಕದ ಸಾಲು ಹಿಡಿದು ಬರುವುದು.

ಅರ್ವಿಸ್ ಎಷ್ಟು ನೇರ ಸಾಲು ಹಿಡಿಯುತ್ತಿದ್ದನೆಂದರೆ ಕೊರಿನ್ ಮೆಚ್ಚಿ ತಲೆದೂಗುತ್ತಿದ್ದಳು. ಸಿಗಡಿಯ ಹತ್ತಿರ ಬರುವವರೆಗೆ.

“ಕ್ಯಾಪ್ಟನ್, ಸಾಲು ಬಿಡ್ತಾ ಇದ್ದೀರ.”

“ಡಾಲ್ಫಿನ್ ಮಿಸ್ ಕೊರಿನ್. ತಾಯಿ, ಮರಿ. ಪಾಪ ಅನ್ನಿಸ್ತು.”

ಮುಂದಿನ ಸಾಲಿನಲ್ಲಿ ಆಮೆ ಬಂತು. ಅದರ ಮುಂದಿನದರಲ್ಲಿ ಸೆಳೆತ ಬಂತು. ಆಮೇಲೆ ಅವನ ಕಣ್ಣಿಗೆ ಕಸ ಬಿತ್ತು. ದಿನದ ಕೊನೆಗೆ ಕೊರಿನ್ ತಾವು ಓಡಾಡಿದ ದಾರಿಯನ್ನು ಪರದೆಯ ಮೇಲೆ ತೋರಿಸಿದಳು. ಬಾಚಣಿಗೆಯಿಂದ ಎಳೆದಂಥ ನೇರ ಗೆರೆಗಳು. ನಡುವೆ ಒಂದೇ ಒಂದು ಕಡೆ ಎಲ್ಲ ಗೆರೆಗಳೂ ಹೊಟ್ಟೆ ಉಬ್ಬಿಸಿಕೊಂಡು, ಒಂದು ಖಾಲಿ ಜಾಗವನ್ನು ಸುತ್ತುವರಿದಿದ್ದವು.

“ಇಲ್ಲೇನು ಆಮೆಗಳ ಊರಿದೆಯಾ?” ಎಂದಳು ಕೊರಿನ್.

ಅರ್ವಿಸ್ ಗೆರೆಗಳನ್ನು ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ. “ಇರಬಹುದು” ಎಂದ.

“ಈ ಖಾಲಿ ಜಾಗದ ಅಂಚಲ್ಲಿ ಮರಳಿನ ಪದರ ದಪ್ಪ ಆಗ್ತಾ ಬಂದಿದೆ ನೋಡಿ. ಇಷ್ಟು ದಿನದಲ್ಲಿ ಸಿಕ್ಕಿರೋ ಒಳ್ಳೇ ಮರಳು ಇದೇ. ನಿಮ್ಮ ಪಡುವಣ ತುದಿಗೆ ಬೇಕಾಗಿರೋ ಅಂಥದೇ. ನಾಳೆ ಇದರ ಮೇಲೇ ನೇರ ಹೋಗೋಣ. ಆಮೆ ಬಂದ್ರೆ ನಾನೇ ಇಳಿದು ಮಾತಾಡ್ತೀನಿ.”

ಆ ಸಂಜೆ ಊಟಕ್ಕೆ ಕೂತ ಅರ್ವಿಸ್ ಚಮಚದಿಂದ ಬಟ್ಟಲು ತಿರುವುತ್ತಿದ್ದ. ಆಮೇಲೆ ತಟ್ಟನೆ ಮುಖ ಅರಳಿ, ಬಟ್ಟಲಿನ ಗಂಬೋ ಸಾರನ್ನು ಇನ್ನೊಮ್ಮೆ ಬಡಿಸಿಕೊಂಡ. ಏಡಿಗೂಡು! ತಳಕ್ಕಿಳಿಸಿದ ತಂತಿಯ ಏಡಿಗೂಡಿನಿಂದ ಮೇಲಿನ ಬೆಂಡಿನವರೆಗೆ ಹೋಗುವ ಹಗ್ಗವೆಂದರೆ ಸೋನಾರಿನವರಿಗೆ ಜೀವಭಯ. ಒಮ್ಮೆ ಅವರ ‘ಮೀನು’ ಹಗ್ಗಕ್ಕೆ ಸಿಕ್ಕಿಕೊಂಡರೆ ಮುಗಿಯಿತು. ಏಡಿಗೂಡು ಇರುವ ಕಡೆ ಅವರು ತಾವಾಗಿಯೇ ದೂರ ಸರಿಯುತ್ತಾರೆ.

ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ಗೂಡುಗಳಿದ್ದವು. ತೇಲುವ ಬೆಂಡುಗಳೂ ಇದ್ದವು. ಆದರೆ ಅಲ್ಲಿ ಬೆಂಡಿಗೆ ಬಣ್ಣ ಬಳಿಯದೆ ನೀರಿಗಿಡುವಂತಿಲ್ಲ. ಪ್ರತಿ ಮನೆಗೂ ಅದರದ್ದೇ ಬಣ್ಣ; ಬೆಂಡು ನೋಡಿದರೆ ಯಾರ ಗೂಡೆಂದು ಎಲ್ಲರಿಗೂ ತಿಳಿಯುತ್ತದೆ. ತನ್ನ ನೀಲಿ-ಬಿಳಿ ಹಚ್ಚಿದರೆ ನಾಳೆ ತಾನೇ ಉತ್ತರ ಕೊಡಬೇಕು. ಅರ್ವಿಸನಿಗೆ ಬೇರೆ ಬಣ್ಣ ಯೋಚಿಸಬೇಕೆನ್ನಿಸಲೇ ಇಲ್ಲ. ಬದುಕಿನುದ್ದಕ್ಕೂ ಯಾವುದೇ ತಪ್ಪಿಗೆ ಅವನ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಡ್ಯೂಯಿ. ಕೈಯೂ ತಾನಾಗಿಯೇ ಡ್ಯೂಯಿಯ ಬಣ್ಣಕ್ಕೆ ಹೋಯಿತು: ಅರ್ಧ ಗುಲಾಬಿ, ಅರ್ಧ ಹಸಿರು.

ಬೆಳಗಾಗುತ್ತಲೇ ಹೋಗಿ ಸಿಗಡಿಯ ಸುತ್ತ ಗೂಡುಗಳನ್ನು ಇಳಿಸಿ ಬಂದ. ಒಲೀಟಾ ಕಾಫಿ ಕೊಡುವಾಗ ಅವನ ಬೆರಳು ನೋಡಿದಳು.

“ಇದೇನ್ರೀ ಉಗುರಲ್ಲಿ ಗುಲಾಬಿ ಬಣ್ಣ?”

“ಬೋಟಿಗೆ ಬಳಿದೆ.”

“ಬೋಟು ಬಿಳಿ.”

“ಅದಕ್ಕೇ ಒರೆಸಿಬಿಟ್ಟೆ.”

ಒಲೀಟಾ ಒಲೆಯ ಕಡೆ ತಿರುಗಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಎರಡನೆಯ ಪ್ರಶ್ನೆಯವರೆಗೆ ಮಾತ್ರ ಕೇಳುತ್ತಿದ್ದಳು. ಮೂರನೆಯದಕ್ಕೆ ಅವನ ಉತ್ತರಗಳು ಕೇಳುವಂತಿರುತ್ತಿರಲಿಲ್ಲ.

ಉಪಾಯ ಫಲಿಸಿತು. ದೂರದಿಂದ ಗುಲಾಬಿ-ಹಸಿರು ಬೆಂಡುಗಳು ಕಂಡೊಡನೆ ಕೊರಿನ್ ತಾನೇ ಕೂಗಿದಳು: “ತಿರುಗಿಸಿ, ತಿರುಗಿಸಿ! ಏಡಿಗೂಡು!”

“ಛೆ ಛೆ” ಎಂದ ಅರ್ವಿಸ್, ಚುಕ್ಕಾಣಿ ತಿರುಗಿಸುತ್ತ. “ಇಂಥಾ ಕಡೆ ಯಾರಾದ್ರೂ ಗೂಡು ಇಡ್ತಾರಾ? ಜನಕ್ಕೆ ಸ್ವಲ್ಪನೂ ಜವಾಬ್ದಾರಿ ಇಲ್ಲ.” ಅವನಿಗೆ ಸೀಟಿ ಊದಬೇಕೆನ್ನಿಸಿತು.

“ಯಾರವು ಅಂತ ಬಣ್ಣ ನೋಡಿದ್ರೆ ಗೊತ್ತಾಗತ್ತೆ ಅಂತ ನೀವೇ ಹೇಳಿದ್ರಲ್ಲ?”

“ಗೊತ್ತಾಗತ್ತೆ. ಡ್ಯೂಯಿ ರೇಬನ್ ಅಂತ. ನನ್ ಹೆಂಡ್ತಿ ತಮ್ಮ. ಏನ್ ಮಾಡೋದು, ಹುಟ್ಟುಗುಣ.”

“ಸರಿ ಹಾಗಿದ್ರೆ” ಎಂದು ಕೊರಿನ್ ಕೈಚಾಚಿ ವೈರ್‌ಲೆಸ್ಸಿನ ಗುಂಡಿ ಒತ್ತಿದಳು. “ಡ್ಯೂಯಿ ರೇಬನ್, ಡ್ಯೂಯಿ ರೇಬನ್, ಇದು ‘ಮಿಸ್ ಒಲೀಟಾ’. ನಿಮ್ಮ ಏಡಿಗೂಡುಗಳು ನಮ್ಮ ಸಮೀಕ್ಷೆಯ ದಾರಿಯಲ್ಲಿವೆ. ದಯವಿಟ್ಟು ಬಂದು ತೆಗೀರಿ. ಜಾಗದ ಅಂಕಿ ಹೇಳ್ತೀನಿ, ಬರೆದುಕೊಳ್ಳಿ.”

ಅರ್ವಿಸನ ಸೀಟಿ ತುಟಿಯಲ್ಲೇ ಒಣಗಿತು. ಬಣ್ಣ ಬಳಿಯುವಾಗ, ಗೂಡು ಇಳಿಸುವಾಗ, ದಾರಿಯುದ್ದಕ್ಕೂ ಅವನಿಗೆ ಈ ಒಂದು ವಿಷಯ ಹೊಳೆದಿರಲಿಲ್ಲ. ಗೂಡು ಯಾರದ್ದೋ ಅವರನ್ನೇ ತೆಗೆಯಲು ಕರೆಯುತ್ತಾರೆ. ಇಷ್ಟು ವರ್ಷ ಯಾರಿಂದ ಆ ಜಾಗವನ್ನು ಬಚ್ಚಿಟ್ಟಿದ್ದನೋ, ಅವನ ಹೆಸರನ್ನೇ ಬಣ್ಣದಲ್ಲಿ ಬರೆದು ಅಲ್ಲಿ ತೇಲಿಬಿಟ್ಟಿದ್ದ. ಕೊರಿನ್ ಒಂದೊಂದೇ ಅಂಕಿಯನ್ನು ಬಿಡಿಸಿ ಹೇಳುತ್ತಿದ್ದರೆ, ಅವನಿಗೆ ಯಾರೋ ತನ್ನ ಹಲ್ಲು ಕೀಳುತ್ತಿರುವಂತೆ ಆಗುತ್ತಿತ್ತು.

ವೈರ್‌ಲೆಸ್ಸಿನಲ್ಲಿ ಸ್ವಲ್ಪ ಹೊತ್ತು ಬರೀ ಗರಗರ ಸದ್ದು. ಅಲ್ಲಿ ಗೂಡು ಇಟ್ಟ ನೆನಪು ಡ್ಯೂಯಿಗೆ ಇರಲಿಲ್ಲ. ಆದರೆ ದ್ವೀಪದ ಬೋಟುಗಳೆಲ್ಲ ಕೇಳುತ್ತಿರುವಾಗ, ನನ್ನ ಗೂಡು ಎಲ್ಲಿದೆ ಎಂದು ನನಗೇ ಗೊತ್ತಿಲ್ಲ ಎಂದು ಯಾವ ಏಡಿಗಾರ ಹೇಳಿಯಾನು?

“ಹೌದು ಹೌದು, ನನ್ನವೇ” ಎಂದಿತು ಡ್ಯೂಯಿಯ ದನಿ. “ಅಲ್ಲೇ ಇಟ್ಟಿದ್ದೆ. ಈಗ ಬಂದೆ.”

ಬಂದ. ಒಂದು ಗೂಡು ಎತ್ತಿದ. ಒಳಗೆ ಏಡಿಯಿಲ್ಲ, ಎರೆಯೂ ಇಲ್ಲ. ಬೆಂಡು ಹಿಡಿದ ಅಂಗೈಯನ್ನು ತಿರುಗಿಸಿ ನೋಡಿಕೊಂಡ: ಗುಲಾಬಿ. ತಲೆಯೆತ್ತಿ ‘ಮಿಸ್ ಒಲೀಟಾ’ಳ ಚುಕ್ಕಾಣಿಯ ಕಡೆ ಬಹಳ ಹೊತ್ತು ನೋಡಿದ. ಉಳಿದ ಗೂಡುಗಳನ್ನೂ ಎತ್ತಿಕೊಂಡು, ತನ್ನ ಬೋಟಿಗೆ ಲಂಗರು ಹಾಕಿ, ಕರೆಯದೆಯೇ ಇವರ ಬೋಟಿಗೆ ದಾಟಿ ಬಂದ.

“ಹೇಗಿದ್ದೀಯ ಭಾವ?” ಎಂದು ಕೈ ಚಾಚಿದ. ಅರ್ವಿಸ್ ಕೈ ಕೊಡಲೇಬೇಕಾಯಿತು. ಡ್ಯೂಯಿ ಆ ಕೈಯನ್ನು ಬಿಡದೆ ಉಗುರುಗಳನ್ನು ಒಂದೊಂದಾಗಿ ಪರೀಕ್ಷಿಸಿದ. “ಚೆನ್ನಾಗಿದೆ ಬಣ್ಣ. ನಿಂಗೆ ಒಪ್ಪತ್ತೆ.”

“ನೀವು ಕೂತ್ಕೊಳ್ಳಿ ಮಿಸ್ಟರ್ ಡ್ಯೂಯಿ” ಎಂದಳು ಕೊರಿನ್. “ಕ್ಯಾಪ್ಟನ್, ದಾರಿ ಖಾಲಿ ಇದೆ. ನೇರ.”

ಅರ್ವಿಸ್ ನೇರ ಹೋದ. ಬೇರೆ ದಾರಿ ಇರಲಿಲ್ಲ. ಡಾಲ್ಫಿನ್ ಬರಲೆಂದು ಅವನು ಮನಸ್ಸಿನಲ್ಲಿ ಹರಕೆ ಹೊತ್ತ. ಇಷ್ಟು ದಿನ ಸುಳ್ಳು ಸುಳ್ಳೇ ಬಂದ ಡಾಲ್ಫಿನ್ ಈಗ ನಿಜಕ್ಕೂ ಬರಲಿಲ್ಲ.

ಮೊದಲ ಪರದೆಯಲ್ಲಿ ಮರಳಿನ ಗೆರೆ ದಪ್ಪವಾಯಿತು, ಇನ್ನೂ ದಪ್ಪವಾಯಿತು. “ಅಯ್ಯೋ, ಎಷ್ಟು ಚೆನ್ನಾಗಿದೆ!” ಎಂದಳು ಕೊರಿನ್, ಬಿಸ್ಕತ್ತು ಮರೆತು. “ಹಳೇ ಕಾಲದಲ್ಲಿ ಇಲ್ಲೇ ಒಂದು ದ್ವೀಪ ಇತ್ತು ಅನ್ಸತ್ತೆ. ಎಲ್ಲ ಮರಳೇ.” ಆಮೇಲೆ ಅವಳ ಕಣ್ಣು ಪಕ್ಕದ ಪರದೆಗೆ ಹೋಯಿತು. “ಇದೇನಿದು?”

ಬಯಲಿನಂಥ ತಳದ ಮೇಲೆ ಮೇಲಿನಿಂದ ಕೆಳಗೆ ಒಂದೊಂದೇ ಗೆರೆಯಾಗಿ ಆಕಾರವೊಂದು ಮೂಡತೊಡಗಿತು. ಮೊದಲು ಬೀಸಣಿಗೆಯಂತೆ ಅಗಲಿಸಿದ ಬಾಲ. ಆಮೇಲೆ ಬಾಗಿದ ಬೆನ್ನು, ಬೆನ್ನಿನ ಮೇಲೆ ಗೆಣ್ಣುಗೆಣ್ಣಾದ ಪಟ್ಟಿಗಳು. ಆಮೇಲೆ ತಲೆ. ಕೊನೆಗೆ, ಯಾರಿಗಾದರೂ ಇನ್ನೂ ಅನುಮಾನವಿದ್ದರೆ ತೀರಲಿ ಎಂಬಂತೆ, ಉದ್ದನೆಯ ಎರಡು ಮೀಸೆ. ಒಂದು ಸೊಟ್ಟ.

ನೀರಿನಡಿಯಲ್ಲಿ ಹಳದಿ ಡಬ್ಬಿ ಮಾತ್ರ ಚಿರ್ ಚಿರ್ ಎನ್ನುತ್ತಿತ್ತು. ಅರ್ವಿಸ್ ಮುಂದೆಯೇ ನೋಡುತ್ತ ನಿಂತಿದ್ದ. ಅವನ ಕಿವಿಗಳು ಕೆಂಬೇರಿಯ ಬಣ್ಣಕ್ಕೆ ತಿರುಗಿದ್ದವು. ಡ್ಯೂಯಿ ಪರದೆಯ ಹತ್ತಿರ ಬಾಗಿ, ಹೆತ್ತ ಮಗುವನ್ನು ನೋಡುವವನಂತೆ ನೋಡಿದ. ಬಾಯಿ ತೆರೆದ. ಮುಚ್ಚಿದ. ಅಂಗಡಿಯ ಮುಂದಿನ ಖಾಲಿ ಕಟ್ಟೆ, ಹಲಗೆ, ಕೈ ರೆಕ್ಕೆ ಮಾಡಿ ಫೋಟೋ ತೆಗೆಸಿಕೊಳ್ಳುವ ಜನ, ಮೆಕ್ಸಿಕೋ, ಚರ್ಚಿನ ಗಂಟೆ, ಎಲ್ಲ ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಮನೆಯ ಬಾಗಿಲಿನಿಂದ ನೋಡಿದರೆ ಕಾಣುವಷ್ಟು ದೂರದಲ್ಲಿ ಸಿಗಡಿ ಮಲಗಿದೆಯೆಂದು ಊರಿಗೆ ಗೊತ್ತಾದರೆ ಹಲಗೆಯ ಮೇಲೆ ಏನು ಬರೆಸುವುದು?

“ಕಲ್ಲು” ಎಂದ ಡ್ಯೂಯಿ.

“ಕಲ್ಲೇ” ಎಂದ ಅರ್ವಿಸ್, ತಿರುಗಿ ನೋಡದೆ.

“ಮೀಸೆ ಇದೆ” ಎಂದಳು ಕೊರಿನ್.

“ಇಲ್ಲಿನ ಕಲ್ಲುಗಳೇ ಹಾಗೆ ಮಿಸ್ ಕೊರಿನ್. ಅಲ್ವಾ ಭಾವ?”

“ಹಾಗೇ. ವಯಸ್ಸಾದ ಕಲ್ಲು.”

ಕೊರಿನ್ ಇಬ್ಬರನ್ನೂ ನೋಡಿದಳು. ಅವಳು ಪ್ರತಿದಿನ ಬೆಳಿಗ್ಗೆ ಬಿಸ್ಕತ್ತು ಕೊಳ್ಳುತ್ತಿದ್ದುದು ಡ್ಯೂಯಿಯ ಅಂಗಡಿಯಲ್ಲೇ. ಆ ಹಲಗೆಯನ್ನು ಅವಳು ಓದಿದ್ದಳು. ಕಟ್ಟೆ ಹತ್ತಿ ಫೋಟೋ ಕೂಡ ತೆಗೆಸಿಕೊಂಡಿದ್ದಳು. ಅವಳು ಸಿಗಡಿಯ ಸುತ್ತ ಒಂದು ದುಂಡು ಗುರುತು ಹಾಕಿ, ‘ಗುರುತಿಸಲಾಗದ ವಸ್ತು, ಮರಳು ತೆಗೆಯುವವರು ದೂರವಿರಬೇಕು’ ಎಂದು ನಮೂದಿಸಿದಳು.

“ಈ ನಕ್ಷೆ ಎಲ್ರಿಗೂ ಕಾಣತ್ತಾ?” ಎಂದು ಅರ್ವಿಸ್ ಮೆಲ್ಲಗೆ ಕೇಳಿದ.

“ಎಲ್ರಿಗೂ. ಆದ್ರೆ ನೀವು ಹೆದರಬೇಡಿ” ಎಂದು ಅವಳು ಇಡೀ ನಕ್ಷೆಯನ್ನು ತೆರೆದಳು. ಅದಕ್ಕೆ ಸಿಡುಬು ಎದ್ದಂತಿತ್ತು. ತೆಂಕಣ ನೀರಿನ ತುಂಬ ದುಂಡು ಗುರುತುಗಳು. “ಇದು ಕಾರು. ಇದು ಬಹುಶಃ ಫ್ರಿಜ್ಜು. ಇದು ಕೋಳಿಗೂಡು. ಇದೇನೋ ನಂಗೂ ತಿಳೀಲಿಲ್ಲ, ಪಿಯಾನೋ ಥರ ಇದೆ. ಯಾವ ದುಂಡು ಯಾರದ್ದು ಅಂತ ಯಾರು ಹೇಳ್ತಾರೆ?”

ಅರ್ವಿಸ್ ಮತ್ತು ಡ್ಯೂಯಿ ಇಬ್ಬರೂ ಪಿಯಾನೋದ ಮೇಲೆ ಬಾಗಿದರು. ಚರ್ಚಿನ ಹಳೆಯ ಪಿಯಾನೋ ಕಳುವಾಗಿದೆಯೆಂದು ಪಾದ್ರಿಗಳು ಎಷ್ಟು ದುಃಖಪಟ್ಟಿದ್ದರು! ಆ ಪಾದ್ರಿಗಳೂ ಒಳ್ಳೆಯ ಮೀನುಗಾರರೇ.

ಮರಳಿ ಬರುವಾಗ ಡ್ಯೂಯಿ ಚುಕ್ಕಾಣಿಯ ಪಕ್ಕ ಬಂದು ನಿಂತ. ಅರ್ವಿಸ್ ಬೈಗುಳಕ್ಕೆ ಹೆಗಲು ಗಟ್ಟಿ ಮಾಡಿಕೊಂಡ.

“ಹೊಟ್ಟೆಗೆ ತೂತು ಹೊಡೆದೆಯಾ?”

“ಹೂಂ.”

“ನೋವಾಗ್ದಂಗೆ ಹೊಡೆದೆಯಾ?”

“ಒಂದೇ ಏಟಿಗೆ.”

ಡ್ಯೂಯಿ ಬೆರಳು ಮಡಿಸಿ ಎಣಿಸಿದ. “ಸೋಮವಾರದಿಂದ ಬುಧವಾರ ನಿಂದು. ಗುರುವಾರದಿಂದ ಶನಿವಾರ ನಂದು.”

“ಭಾನುವಾರ?”

“ಭಾನುವಾರ ಮೀನುಗಳಿಗೆ. ಅಕ್ಕನಿಗೆ ನಾನು ಹೇಳಲ್ಲ. ಆದ್ರೆ ಇನ್ನೊಂದಿದೆ. ಅದನ್ನ ಆಮೇಲೆ ಕೇಳ್ತೀನಿ.”

ಆ ಇನ್ನೊಂದೇನೆಂದು ಅರ್ವಿಸನಿಗೆ ಪಡುವಣ ತುದಿಗೆ ಹೊಸ ಮರಳು ಬಿದ್ದ ವರ್ಷ ತಿಳಿಯಿತು. ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಊರಿನವರೆಲ್ಲ ಸೇರಿ ಮೀನು ಹುರಿದು ಊಟ ಮಾಡುತ್ತಿದ್ದರು. ಕೊರಿನ್‌ಳನ್ನೂ ಕರೆದಿದ್ದರು, ನೆಲದ ಮೇಲಿದ್ದುದರಿಂದ ಅವಳು ಚೆನ್ನಾಗಿ ಉಣ್ಣುತ್ತಿದ್ದಳು. ಡ್ಯೂಯಿ ಬೆಂಚು ಹತ್ತಿ ಹೊಸಬರಿಗೆ ಸಿಗಡಿಯ ಕಥೆ ಶುರು ಮಾಡಿದ. ಗಾಳಿ ಎದ್ದಿತು, ಚರ್ಚಿನ ಗಂಟೆ ಬಡಿಯಿತು, ಸಿಗಡಿ ಬಾಲ ಬಡಿದು ಮೇಲಕ್ಕೆದ್ದಿತು.

“ನಂಬಲ್ವಾ?” ಎಂದು ಡ್ಯೂಯಿ ಕೈ ಚಾಚಿದ. “ಹಾರಿದ್ದನ್ನ ಕಣ್ಣಾರೆ ಕಂಡವನು ಅಲ್ಲೇ ಕೂತಿದ್ದಾನೆ. ಏನು ಭಾವ? ಇಷ್ಟು ವರ್ಷ ನಾಚಿಕೊಂಡು ಹೇಳಿರ್ಲಿಲ್ಲ. ಹೇಳು.”

ಬಾಯಿ ಹೊಲಿಸಿಕೊಂಡವನತ್ತ ಎಲ್ಲರ ಮುಖ ತಿರುಗಿತು. ಅರ್ವಿಸ್ ತಟ್ಟೆಯನ್ನು ಕೆಳಗಿಟ್ಟ. ಹುರಿದ ಮೀನನ್ನು ನೋಡಿದ. ಹೆಂಡತಿಯನ್ನು ನೋಡಿದ. ಒಲೀಟಾ ಕೈಕಟ್ಟಿಕೊಂಡು, ಎರಡೇ ಪ್ರಶ್ನೆ ಕೇಳುವವಳ ಮುಖ ಮಾಡಿಕೊಂಡು ಕಾಯುತ್ತಿದ್ದಳು.

“ಹೌದು” ಎಂದ ಅರ್ವಿಸ್. “ಹಾರಿತ್ತು. ನಾನೇ ನೋಡಿದೆ.”

“ಒಂದು ಅನುಮಾನ ಕ್ಯಾಪ್ಟನ್” ಎಂದಳು ಮೂಲೆಯಿಂದ ಕೊರಿನ್, ಮೀನಿನ ಮುಳ್ಳು ಬಿಡಿಸುತ್ತ. “ಬಾಲ ಮುಂದಾಗಿ ಹಾರಿತಾ, ಮೀಸೆ ಮುಂದಾಗಿ ಹಾರಿತಾ?”

ಅರ್ವಿಸ್ ತೆಂಕಣ ಆಕಾಶದ ಕಡೆ ನೋಡಿದ.

“ಮೀಸೆ ಮುಂದಾಗಿ” ಎಂದ. “ಆದ್ರೆ ಒಂದು ಮೀಸೆ ಸೊಟ್ಟ ಇತ್ತು ನೋಡಿ. ಅದಕ್ಕೇ ದಾರಿ ಸ್ವಲ್ಪ ತಪ್ಪಿರಬೇಕು.”

ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಒಲೀಟಾ ಮಾತ್ರ ತಟ್ಟಲಿಲ್ಲ. ಅವಳು ಗಂಡನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿ, ಅವನ ಕಿವಿಯ ಹತ್ತಿರ ಬಾಗಿ, ಕೇಳಿಯೂ ಕೇಳದಂತೆ ಕೇಳಿದಳು: “ನನ್ ಅಂಜೂರದ ಮರದ ಮೇಲಿಂದಲೇ ಹಾರಿತೇನ್ರೀ?”